ತಾಲೀಮಿನ ಕೋಣೆಯಲ್ಲಿ ಕುಳಿತು ನೋಡಿದರೆ

ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೆ ಬಹುಕಾಲ ಈ ಮೂರೇ ರಾಗಗಳ ತಾಲೀಮು ಕೊಟ್ಟರೆಂಬ ಮಾತು ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಿ ಸಂಗೀತದ ಗಂಧ ಇರುವವರಿಗೆಲ್ಲ ಗೊತ್ತು. 1933ರಲ್ಲಿ, 11ನೇ ವಯಸ್ಸಿಗೆ ಮನೆ ಬಿಟ್ಟು ಹೋದವರು ಜೋಶಿ. ಗ್ವಾಲಿಯರ್, ಜಲಂಧರ್ ಎಂದು ಗುರುವನ್ನು ಹುಡುಕುತ್ತ ಅಲೆದು, ಕೊನೆಗೆ ತಮ್ಮ ಸೀಮೆಯಲ್ಲೇ ಇದ್ದ ಗುರುವಿನ ಬಳಿಗೆ ಬಂದರು. ಗುರುವಿನ ಮನೆಗೆ ನೀರು ಹೊತ್ತರು, ಹೇಳಿದ ಕೆಲಸ ಮಾಡಿದರು, ಹಾಡಿದರು. ಈ ಕಥೆ ಹೇಳುವವರೆಲ್ಲ ಒತ್ತು ಕೊಡುವುದು ಶಿಷ್ಯ ಪಟ್ಟ ಕಷ್ಟಕ್ಕೆ. ಗುರು ಮಾಡಿದ ಆಯ್ಕೆಯ ಕಡೆಗೆ ಗಮನ ಅಷ್ಟಾಗಿ ಹೋಗುವುದಿಲ್ಲ. ಅಷ್ಟೊಂದು ರಾಗಗಳಿರುವಾಗ ಆ ಮೂರನ್ನೇ ಯಾಕೆ ಹಿಡಿದರು?

ಸ್ವರಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಆಯ್ಕೆ ಬಹಳ ಕುತೂಹಲ ಹುಟ್ಟಿಸುತ್ತದೆ. ತೋಡಿಗೂ ಮುಲ್ತಾನಿಗೂ ಹಾರ್ಮೋನಿಯಂನಲ್ಲಿ ಒತ್ತಬೇಕಾದ ಮನೆಗಳು ಒಂದೇ. ರಿಷಭ, ಗಾಂಧಾರ, ಧೈವತ ಕೋಮಲ, ಮಧ್ಯಮ ತೀವ್ರ, ನಿಷಾದ ಶುದ್ಧ. ಆದರೂ ಒಂದು ಇನ್ನೊಂದರಂತೆ ಕೇಳಿಸುವುದಿಲ್ಲ. ತೋಡಿಗೆ ಧೈವತ, ಗಾಂಧಾರಗಳೇ ಜೀವ; ಪಂಚಮ ಅಲ್ಲಿ ಹಿಂದೆ ಸರಿದು ಕೂರುತ್ತದೆ. ಮುಲ್ತಾನಿಯ ಆರೋಹದಲ್ಲಿ ರಿಷಭ, ಧೈವತಗಳಿಗೆ ಪ್ರವೇಶವೇ ಇಲ್ಲ. ಪಂಚಮ ಎದ್ದು ನಿಲ್ಲುತ್ತದೆ. ಗಾಂಧಾರ ಕೂಡ ಎರಡರಲ್ಲೂ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ. ತೋಡಿಯದು ಕೂದಲೆಳೆಯಷ್ಟು ತಗ್ಗು. ಸಂಜೆ ಪೂರಿಯಾಕ್ಕೆ ಬಂದರೆ ಪಂಚಮವೇ ಮಾಯವಾಗಿ, ಗಾಂಧಾರ–ಧೈವತಗಳು ಶುದ್ಧವಾಗುತ್ತವೆ; ರಿಷಭ, ಮಧ್ಯಮ, ನಿಷಾದ ಮಾತ್ರ ಇದ್ದಲ್ಲೇ ಉಳಿಯುತ್ತವೆ. ಹೀಗೆ ಒಂದೇ ಹಗಲಿನಲ್ಲಿ ಹುಡುಗನ ಗಂಟಲು, ಮೊದಲು ಅದೇ ಸ್ವರಗಳನ್ನು ಬೇರೆ ದಾರಿಯಲ್ಲಿ ನಡೆಸುವುದನ್ನೂ ಆಮೇಲೆ ಅದೇ ದಾರಿಯ ಅರ್ಧ ಸ್ವರಗಳನ್ನು ಬದಲಿಸುವುದನ್ನೂ ಕಲಿಯಬೇಕಾಗಿತ್ತು. ರಾಗಗಳ ವೇಳೆಯ ನಿಯಮವನ್ನು ಪಾಲಿಸಿದ್ದಷ್ಟೇ ಎನ್ನಬಹುದು. ಆದರೆ ಬೆಳಗಿಗೆ ಭೈರವ್ ಇತ್ತು, ಮಧ್ಯಾಹ್ನಕ್ಕೆ ಭೀಮಪಲಾಸಿ ಇತ್ತು, ಸಂಜೆಗೆ ಯಮನ್ ಇತ್ತು. ಗುರು ಅವುಗಳನ್ನು ಬಿಟ್ಟು ಈ ಹತ್ತಿರದ ಬಂಧುಗಳನ್ನು ಒಟ್ಟಿಗೆ ಕೂರಿಸಿದರು.

ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನ್ ಕಾರ್ಟರ್ ಮತ್ತು ಜೆಸ್ಸಿಕಾ ಗ್ರಾನ್ 2016ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಪಳಗಿದ 10 ಮಂದಿ ಕ್ಲ್ಯಾರಿನೆಟ್ ವಾದಕರಿಗೆ ಹೊಸ ಕೃತಿಭಾಗಗಳನ್ನು ಕೊಟ್ಟು ಎರಡು ಬಗೆಯಲ್ಲಿ ಅಭ್ಯಾಸ ಮಾಡಿಸಿದರು. ಒಂದು ಬಗೆಯಲ್ಲಿ ಒಂದು ಭಾಗವನ್ನು 12 ನಿಮಿಷ ಬಿಡದೆ ನುಡಿಸಿ ಮುಗಿಸಿ ಮುಂದಿನದಕ್ಕೆ ಹೋಗುವುದು. ಇನ್ನೊಂದರಲ್ಲಿ 3 ನಿಮಿಷಕ್ಕೊಮ್ಮೆ ಬದಲಿಸುತ್ತ, ಒಟ್ಟು ಅಷ್ಟೇ ಹೊತ್ತು ನುಡಿಸುವುದು. ಮರುದಿನ ನುಡಿಸಿದ್ದನ್ನು ಧ್ವನಿಮುದ್ರಿಸಿ, ಯಾವುದು ಯಾವ ಬಗೆಯ ಅಭ್ಯಾಸದ ಫಲವೆಂದು ತಿಳಿಯದ ತಜ್ಞರಿಗೆ ಕೇಳಿಸಿದಾಗ, ಅಂತರ ಕಂಡಲ್ಲೆಲ್ಲ ಬದಲಿಸುತ್ತ ಮಾಡಿದ ಅಭ್ಯಾಸಕ್ಕೇ ಹೆಚ್ಚು ಅಂಕ ಬಂತು. ಆದರೆ ತಜ್ಞರ ಅಂಕಗಳು ಒಬ್ಬರಿಂದೊಬ್ಬರಿಗೆ ಬೇರೆಯಾಗಿದ್ದವು. ಹತ್ತೇ ಜನರ ಅಧ್ಯಯನವಿದು. ಇದನ್ನು ಹಿಡಿದುಕೊಂಡು ಕುಂದಗೋಳದ ಗುರು ನೂರು ವರ್ಷ ಮುಂದಿದ್ದರು ಎಂದು ಬೀಗುವುದು ತಪ್ಪಾಗುತ್ತದೆ. 3 ನಿಮಿಷಕ್ಕೂ ಬೆಳಗು–ಬೈಗಿಗೂ ಹೋಲಿಕೆ ನೇರವಾಗಿ ಸಲ್ಲುವುದಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ನಿಲ್ಲುತ್ತದೆ. ಹತ್ತಿರದ ರಾಗಗಳನ್ನು ಒಟ್ಟಿಗೆ ಕಲಿಸಿದರೆ ಅವುಗಳ ವ್ಯತ್ಯಾಸ ಬೇಗ ಮನಸ್ಸಿಗೆ ಇಳಿಯುತ್ತದೆಯೋ, ಗೊಂದಲ ಹೆಚ್ಚುತ್ತದೆಯೋ? ಇದಕ್ಕೆ ಉತ್ತರ ಹುಡುಕುವ ವಿದ್ಯೆಗೆ ಸಂಗೀತ ಶಿಕ್ಷಣ ಸಂಶೋಧನೆ ಎಂದು ಹೆಸರು. ಕರ್ನಾಟಕದಲ್ಲಿ ಅದು ಇನ್ನೂ ಬೇರೂರಬೇಕಾಗಿದೆ.

ಸಂಗೀತದಲ್ಲಿ ಎಂ.ಎ., ಪಿಎಚ್.ಡಿ. ಮಾಡುವುದಕ್ಕೂ ಸಂಗೀತ ಶಿಕ್ಷಣದಲ್ಲಿ ಸಂಶೋಧನೆ ಮಾಡುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಸಂಗೀತವನ್ನು ನೋಡುತ್ತದೆ: ರಾಗ, ತಾಳ, ವಾಗ್ಗೇಯಕಾರ, ಲಕ್ಷಣಗ್ರಂಥ, ಘರಾಣೆ. ಎರಡನೆಯದು ಸಂಗೀತ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಗಳಿಗೆಯನ್ನು ನೋಡುತ್ತದೆ. ಆರು ವರ್ಷದ ಮಗು ಶ್ರುತಿಗೆ ಸೇರುವುದು ಹೇಗೆ, ಸೇರದ ಮಗುವಿಗೆ ಏನು ಮಾಡಬೇಕು, ಬರೆದುಕೊಂಡು ಕಲಿತವರಿಗೂ ಕೇಳಿ ಕಲಿತವರಿಗೂ ನೆನಪಿನಲ್ಲಿ ಏನು ವ್ಯತ್ಯಾಸ, ಕೈಯಲ್ಲಿ ತಾಳ ಹಾಕುತ್ತ ಹಾಡುವ ಮಗು ಎಲ್ಲಿ ಎಡವುತ್ತದೆ, ಹದಿಮೂರು ಹದಿನಾಲ್ಕಕ್ಕೆ ಧ್ವನಿ ಒಡೆಯುವ ಹುಡುಗನನ್ನು ಆ ಎರಡು ವರ್ಷ ಹೇಗೆ ಕಾಪಾಡಿಕೊಳ್ಳಬೇಕು. ಪಾಠ ಹೇಳುವ ಪ್ರತಿಯೊಬ್ಬರ ಬಳಿಯೂ ಇವಕ್ಕೆ ಏನಾದರೊಂದು ಉತ್ತರ ಇದ್ದೇ ಇರುತ್ತದೆ. ಆ ಉತ್ತರಗಳು ಮನೆಯ ಪಡಸಾಲೆ ದಾಟಿ ಆಚೆ ಬರುವುದಿಲ್ಲ, ಅಷ್ಟೇ.

ಬೇರೆ ಕಡೆ ಈ ವಿದ್ಯೆ ಬೆಳೆದದ್ದು ಹೇಗೆ ಎಂದು ನೋಡಿದರೆ ಇಲ್ಲಿ ಬೆಳೆಯದಿದ್ದುದರ ಕಾರಣವೂ ತಿಳಿಯುತ್ತದೆ. ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಶಾಲೆಗಳಲ್ಲಿ 1838ರಲ್ಲಿ ಲೋವೆಲ್ ಮೇಸನ್ ಅವರ ಪ್ರಯತ್ನದಿಂದ ಸಂಗೀತ ಪಾಠವಾಗಿ ಸೇರಿತು. ಶಾಲೆಗೆ ಸಂಗೀತ ಬಂದಮೇಲೆ ಮೇಷ್ಟ್ರು ಬೇಕಾದರು. ಮೇಷ್ಟ್ರಿಗೆ ತರಬೇತಿ ಬೇಕಾಯಿತು. ತರಬೇತಿಗೆ ಕಾಲೇಜು ಬೇಕಾಯಿತು. ಕಾಲೇಜಿನಲ್ಲಿ ಏನು ಹೇಳಿಕೊಡಬೇಕು ಎಂಬ ಪ್ರಶ್ನೆ ಸಂಶೋಧನೆಗೆ ದಾರಿಮಾಡಿತು. ಅಯೋವಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಸೀಶೋರ್, ಸ್ವರದ ಎತ್ತರ, ಲಯ, ನೆನಪು ಮುಂತಾದವನ್ನು ಅಳೆಯುವ ಪರೀಕ್ಷೆಗಳನ್ನು 1919ರಲ್ಲಿ ಗ್ರಾಮೊಫೋನ್ ತಟ್ಟೆಗಳಲ್ಲೇ ಹೊರತಂದರು. 1953ರಲ್ಲಿ ಸಂಗೀತ ಶಿಕ್ಷಣ ಸಂಶೋಧನೆಗೆಂದೇ ಒಂದು ನಿಯತಕಾಲಿಕ ಅಲ್ಲಿ ಶುರುವಾಯಿತು, ಇಂದಿಗೂ ಬರುತ್ತಿದೆ. ಹಂಗೆರಿಯಲ್ಲಿ ಜೋಲ್ತಾನ್ ಕೊಡಾಯ್ ಅವರ ವಿಚಾರಗಳ ಬೆನ್ನು ಹಿಡಿದು 1950ರಲ್ಲಿ ಅವರ ಹುಟ್ಟೂರು ಕೆಚ್‌ಕೆಮೆಟ್‌ನಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ತೆರೆಯಿತು. ತಮ್ಮ ಜನಪದ ಹಾಡಿನಿಂದಲೇ ಮಗುವಿನ ಪಾಠ ಶುರುವಾಗಬೇಕೆಂಬುದು ಅವರ ಹಟ. ಎಲ್ಲ ಕಡೆಯೂ ಮೊದಲು ಶಾಲೆ, ಆಮೇಲೆ ಸಂಶೋಧನೆ.

ಇಲ್ಲಿ ಆ ಸರಪಳಿಯ ಮೊದಲ ಕೊಂಡಿಯೇ ಸಡಿಲ. ಸರ್ಕಾರಿ ಶಾಲೆಗಳಲ್ಲಿ ಸಂಗೀತ ಮೇಷ್ಟ್ರ ಹುದ್ದೆ ಎಂಬುದು ‘ವಿಶೇಷ ಶಿಕ್ಷಕರು’ ಎಂಬ ಪಟ್ಟಿಯ ಒಂದು ಮೂಲೆಯಲ್ಲಿದೆ. ಬಹುಪಾಲು ಮಕ್ಕಳು ಸಂಗೀತ ಕಲಿಯುವುದು ಸಂಜೆ, ಬೀದಿಯಾಚೆಯ ಟೀಚರ್ ಮನೆಯಲ್ಲಿ, ತಿಂಗಳ ಫೀಸು ಕೊಟ್ಟು. ಆ ಟೀಚರ್ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಪಾಸು ಮಾಡಿರುತ್ತಾರೆ. ಆ ಪರೀಕ್ಷೆಗಳು ಎಷ್ಟು ವರ್ಣ, ಎಷ್ಟು ಕೃತಿ ಬರುತ್ತದೆಂದು ಕೇಳುತ್ತವೆ. ಮನೋಧರ್ಮವನ್ನೂ ಶಾಸ್ತ್ರವನ್ನೂ ಕೇಳುತ್ತವೆ. ಪಾಠ ಹೇಳುವುದನ್ನು ಅವರಿಗೆ ಕಲಿಸಿದ್ದು ಅವರ ಗುರು ಹೇಳಿದ ಪಾಠದ ನೆನಪು ಮಾತ್ರ. ಗುರು ಒಳ್ಳೆಯವರಾಗಿದ್ದರೆ ಪುಣ್ಯ.

ಭಾರತದಲ್ಲಿ ಕಲಿಸುವ ಬಗೆಯನ್ನು ಕುರಿತು ಯಾರೂ ಯೋಚಿಸಲಿಲ್ಲವೆಂದು ಇದರ ಅರ್ಥವಲ್ಲ. 1886ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಬರೋಡಾದಲ್ಲಿ ಸಂಗೀತ ಶಾಲೆ ತೆರೆದ ಮೌಲಾ ಬಕ್ಷ್, ಅದಕ್ಕೂ ಮೊದಲು ಮೈಸೂರು ಆಸ್ಥಾನಕ್ಕೆ ಬಂದಿದ್ದವರು, ಕರ್ನಾಟಕ ಸಂಗೀತವನ್ನು ಕಲಿತಿದ್ದವರು. ತರಗತಿಗೆಂದೇ ಸ್ವರಲಿಪಿ, ಪಠ್ಯಪುಸ್ತಕ ರೂಪಿಸಿದರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಭಾತಖಂಡೆಯವರ ಶ್ರಮದಿಂದ 1926ರಲ್ಲಿ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಬಂತು. ಮದರಾಸಿನಲ್ಲಿ ಪಿ. ಸಾಂಬಮೂರ್ತಿಯವರು, 1931ರಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಓದಿ ಬಂದವರು, ಸಂಗೀತ ಬೋಧನೆ ಕುರಿತೇ ಒಂದು ಪುಸ್ತಕ ಬರೆದರು. ಒಬ್ಬ ಗುರು, ಒಬ್ಬ ಶಿಷ್ಯ ಎಂಬ ಏರ್ಪಾಟನ್ನು ಇಪ್ಪತ್ತು ಮೂವತ್ತು ಮಕ್ಕಳ ತರಗತಿಗೆ ಹೊಂದಿಸುವುದು ಅವರೆಲ್ಲರ ಮುಂದಿದ್ದ ಕಷ್ಟ. ಒಬ್ಬೊಬ್ಬರೂ ಒಂದೊಂದು ದಾರಿ ಹುಡುಕಿದರು. ಆ ದಾರಿಗಳಲ್ಲಿ ಯಾವುದು ಎಷ್ಟು ಫಲ ಕೊಟ್ಟಿತು ಎಂದು ಅಳೆದು ನೋಡುವ ಕೆಲಸವನ್ನು ಮುಂದಿನ ತಲೆಮಾರಿನ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಿತ್ತು.

ವಿಶ್ವವಿದ್ಯಾಲಯಗಳು ಬೇರೆ ದಾರಿ ಹಿಡಿದವು. ಅದಕ್ಕೂ ತಕ್ಕ ಕಾರಣ ಇತ್ತು. ಹಸ್ತಪ್ರತಿಗಳು ಹುಳ ತಿನ್ನುತ್ತಿದ್ದವು, ಗ್ರಂಥಗಳನ್ನು ಸಂಪಾದಿಸಬೇಕಿತ್ತು, ವಾಗ್ಗೇಯಕಾರರ ಕೃತಿಗಳು ಮರೆಯಾಗುತ್ತಿದ್ದವು. ಮೈಸೂರಿನ ರಾ. ಸತ್ಯನಾರಾಯಣ ವೃತ್ತಿಯಿಂದ ರಸಾಯನಶಾಸ್ತ್ರದ ಮೇಷ್ಟ್ರು. ಸಂಸ್ಕೃತ ಲಕ್ಷಣಗ್ರಂಥಗಳ ಮೇಲೆ ಅವರು ಮಾಡಿದ ಕೆಲಸಕ್ಕೆ ದೇಶವೇ ತಲೆಬಾಗಿತು. ಶಬ್ದದ ಭೌತವಿಜ್ಞಾನದಲ್ಲೂ ಕೆಲಸ ನಡೆಯಿತು. ಮೃದಂಗದ ಬಲಮುಚ್ಚಿಗೆಯ ಕರಣೆ ಹೇಗೆ ಚರ್ಮದ ಕಂಪನವನ್ನು ಶ್ರುತಿಬದ್ಧ ನಾದವಾಗಿಸುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ಬರೆದರು. 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಅದನ್ನು ಇನ್ನೂ ವಿಸ್ತರಿಸಿದರು. ಹೀಗೆ ಗ್ರಂಥವನ್ನು ಓದಿದ್ದಾಯಿತು, ವಾದ್ಯವನ್ನು ಅಳೆದದ್ದೂ ಆಯಿತು. ಆ ವಾದ್ಯದ ಮುಂದೆ ಮೊದಲ ದಿನ ಕೂತು ‘ತ ದಿ ತೊಂ ನಂ’ ಬಾರಿಸುವ ಮಗುವಿನ ಬೆರಳಿನ ಕಡೆಗೆ ಅದೇ ಶ್ರದ್ಧೆಯ ನೋಟ ಹರಿಯಲಿಲ್ಲ.

ಪಾಠ ಹೇಳುವವರನ್ನು ಕಛೇರಿ ಮಾಡುವವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವ ಅಭ್ಯಾಸವೂ ಇದಕ್ಕೆ ಕಾರಣ. ಇದು ಇಲ್ಲಿಯದಷ್ಟೇ ಅಲ್ಲ. ‘ಹತ್ತು ಸಾವಿರ ಗಂಟೆ’ಯ ಅಭ್ಯಾಸ ಎಂಬ ಮಾತು ಈಗ ಮನೆಮಾತಾಗಿದೆ. ಅದರ ಮೂಲ 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ, ಪಶ್ಚಿಮ ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಅಧ್ಯಯನ. ತಲಾ 10 ಮಂದಿಯ ಮೂರು ಗುಂಪುಗಳು. ಅತ್ಯುತ್ತಮರು 18ನೇ ವಯಸ್ಸಿನ ಹೊತ್ತಿಗೆ ಸರಾಸರಿ 7,410 ಗಂಟೆ, ಉತ್ತಮರು 5,301 ಗಂಟೆ, ಮೂರನೆಯವರು 3,420 ಗಂಟೆ ಒಬ್ಬರೇ ಕೂತು ಸಾಧನೆ ಮಾಡಿದ್ದರು. ಆ ಮೂರನೆಯ ಗುಂಪಿಗೆ ಎರಿಕ್ಸನ್ ಕೊಟ್ಟ ಹೆಸರು ‘ಸಂಗೀತ ಶಿಕ್ಷಕರು’. ಶಾಲಾ ಶಿಕ್ಷಕರನ್ನು ತಯಾರುಮಾಡುವ ವಿಭಾಗದಿಂದ ಅವರನ್ನು ಆರಿಸಲಾಗಿತ್ತು. ಆ ವಿಭಾಗಕ್ಕೆ ಪ್ರವೇಶದ ಮಟ್ಟವೂ ಕಡಿಮೆ. ಹತ್ತು ಸಾವಿರ ಗಂಟೆಯ ಮಾತು ಜಗತ್ತೆಲ್ಲ ಸುತ್ತಿತು, ಮುಂದೆ ಬೇರೆ ಸಂಶೋಧಕರು ಅದನ್ನು ಪ್ರಶ್ನಿಸಿದ್ದೂ ಆಯಿತು. ಮಕ್ಕಳಿಗೆ ಕಲಿಸಲಿರುವವರನ್ನು ಅಳತೆಗೋಲಿನ ಕೆಳತುದಿಯಲ್ಲಿ ಕೂರಿಸಿದ್ದರ ಬಗ್ಗೆ ಮಾತ್ರ ಹೆಚ್ಚು ಮಾತು ಕೇಳಿಬರಲಿಲ್ಲ. ಮುಂದಿನ ಹತ್ತು ಪಿಟೀಲುಗಾರರು ಹುಟ್ಟುವುದು ಅವರ ತರಗತಿಯಲ್ಲಿ ತಾನೇ?

ಗಂಟೆಗಳ ಲೆಕ್ಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಇನ್ನೊಂದು ಅಧ್ಯಯನ ಟೆಕ್ಸಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಅವರ ವಿದ್ಯಾರ್ಥಿನಿಯರದು, 2009ರಲ್ಲಿ ಬಂದದ್ದು. ಪಿಯಾನೋ ಕಲಿಯುತ್ತಿದ್ದ 17 ಮಂದಿಗೆ ಶಾಸ್ಟಕೋವಿಚ್‌ನ ಕಾನ್ಸರ್ಟೊದಿಂದ ಮೂರೇ ಆವರ್ತದಷ್ಟು ತುಣುಕು ಕೊಟ್ಟು, ಸಾಕು ಎನ್ನಿಸುವವರೆಗೆ ಅಭ್ಯಾಸ ಮಾಡಲು ಹೇಳಿದರು. ಮರುದಿನ 15 ಸಲ ನುಡಿಸಲು ಹೇಳಿದರು. ಯಾರು ಹೆಚ್ಚು ಹೊತ್ತು ಅಭ್ಯಾಸ ಮಾಡಿದರು, ಯಾರು ಹೆಚ್ಚು ಸಲ ತಿರುತಿರುಗಿ ನುಡಿಸಿದರು ಎಂಬುದಕ್ಕೂ ಮರುದಿನದ ಗುಣಮಟ್ಟಕ್ಕೂ ಸಂಬಂಧವೇ ಕಾಣಲಿಲ್ಲ. ಮೇಲಿನ ಸ್ಥಾನ ಪಡೆದವರು ತಪ್ಪಲಿಲ್ಲವೆಂದಲ್ಲ. ತಪ್ಪು ಬಂದ ತಕ್ಷಣ ನಿಂತು, ಎಲ್ಲಿ ಯಾಕೆ ತಪ್ಪಿತೆಂದು ಹಿಡಿದು, ವೇಗ ತಗ್ಗಿಸಿ, ಅಲ್ಲಿ ಸರಿಹೋದಮೇಲೆಯೇ ಮುಂದೆ ಹೋದರು. ಉಳಿದವರು ತಪ್ಪನ್ನೂ ಸೇರಿಸಿಯೇ ಅಭ್ಯಾಸ ಮಾಡಿದರು.

ಸರಳೆ ವರಸೆಯ ತರಗತಿಯಲ್ಲಿ ಕೂತವರಿಗೆ ಇದು ಹೊಸದೆನಿಸುವುದಿಲ್ಲ. ಮೊದಲನೇ ಕಾಲದಲ್ಲಿ ಸ್ವರ ಕೂರದೆ ಎರಡನೇ ಕಾಲಕ್ಕೆ ಬಿಡದ ಟೀಚರ್ ಮಾಡುವುದು ಇದನ್ನೇ. ಆದರೆ ಅನುಭವಕ್ಕೆ ತೋರುವುದು ಒಂದು, ಅದರ ಮಿತಿಯನ್ನೂ ಸೇರಿಸಿ ತಿಳಿಯುವುದು ಇನ್ನೊಂದು. ತಪ್ಪಿದ ಕೂಡಲೇ ತಡೆದರೆ ಎಲ್ಲ ಮಕ್ಕಳಿಗೂ ಒಳಿತೋ, ಅಥವಾ ಕೆಲವು ಮಕ್ಕಳು ಹೆದರಿ ಬಾಯಿಯನ್ನೇ ಮುಚ್ಚಿಬಿಡುತ್ತಾರೋ? ಎಷ್ಟನೇ ಸಲಕ್ಕೆ ತಡೆಯಬೇಕು? ಗುರು ಹಾಡಿ ತೋರಿಸಬೇಕೋ, ಬಾಯಲ್ಲಿ ಹೇಳಬೇಕೋ, ಬರೀ ಕೈ ತೋರಿಸಿದರೆ ಸಾಕೋ? ಪ್ರತಿಯೊಂದೂ ಒಂದು ಮಹಾಪ್ರಬಂಧಕ್ಕೆ ಸಾಕಾಗುವ ಪ್ರಶ್ನೆ.

ಸರಳೆ ವರಸೆಯನ್ನೇ ನೋಡಬಹುದು. ಸರಳೆ, ಜಂಟಿ, ದಾಟು, ಅಲಂಕಾರ, ಪಿಳ್ಳಾರಿ ಗೀತೆ ಎಂಬ ಮೆಟ್ಟಿಲುಗಳನ್ನು ಪುರಂದರದಾಸರು ಕಟ್ಟಿಕೊಟ್ಟರು, ಪಾಠಕ್ಕೆ ಮಾಯಾಮಾಳವಗೌಳವನ್ನು ಆರಿಸಿದರು ಎಂಬುದು ಪರಂಪರೆಯ ಮಾತು. ಆ ಕಾರಣಕ್ಕೇ ಅವರು ಸಂಗೀತ ಪಿತಾಮಹರು. ಗಮನಿಸಬೇಕು, ಈ ಬಿರುದು ಅವರಿಗೆ ಬಂದದ್ದು ಮೇಷ್ಟ್ರಾಗಿ. ಆ ರಾಗದ ಆಯ್ಕೆಗೆ ಹೇಳುವ ಕಾರಣ ಅದರ ಸಮತೂಕ: ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡುವಿನ ಅಂತರ ಹೇಗಿದೆಯೋ, ಪಂಚಮದಿಂದ ತಾರಷಡ್ಜದವರೆಗೂ ಹಾಗೆಯೇ. ಕೆಳಗೆ ಕಲಿತದ್ದನ್ನೇ ಮೇಲೆ ಮಾಡಿದರಾಯಿತು. ಸ–ರಿ ಹತ್ತಿರ, ರಿ–ಗ ದೂರ, ಗ–ಮ ಮತ್ತೆ ಹತ್ತಿರ. ಗಂಟಲು ಸಣ್ಣ ಹೆಜ್ಜೆಯನ್ನೂ ದೊಡ್ಡ ಜಿಗಿತವನ್ನೂ ಮೊದಲ ವಾರವೇ ಕಲಿಯುತ್ತದೆ. ಕೇಳಲು ಸೊಗಸಾದ ವಾದ.

ತುಂಗಭದ್ರೆ ದಾಟಿದರೆ ಕಥೆ ಬೇರೆ. ಭಾತಖಂಡೆಯವರ ಪದ್ಧತಿಯಲ್ಲಿ ಎಲ್ಲ ಶುದ್ಧ ಸ್ವರಗಳ ಬಿಲಾವಲ್ ಮೊದಲ ಮೆಟ್ಟಿಲು. ಎಷ್ಟೋ ಗುರುಗಳು ಭೈರವ್‌ನಿಂದಲೇ ಶುರುಮಾಡುತ್ತಾರೆ, ಅದು ಸ್ವರಗಳಲ್ಲಿ ಮಾಯಾಮಾಳವಗೌಳವೇ. ಇನ್ನು ಕೆಲವರದು ಯಮನ್. ಅಂದರೆ ಒಂದೇ ರಾಜ್ಯದೊಳಗೆ, ಒಂದೇ ಭಾಷೆಯಾಡುವ ಮಕ್ಕಳು, ಮೈಸೂರಿನಲ್ಲಿ ಒಂದು ಸ್ವರಶ್ರೇಣಿಯಿಂದಲೂ ಧಾರವಾಡದಲ್ಲಿ ಇನ್ನೊಂದರಿಂದಲೂ ಸಂಗೀತಕ್ಕೆ ಕಾಲಿಡುತ್ತಾರೆ. ಎರಡು ಮಹಾ ಪದ್ಧತಿಗಳೂ ಮನೆಮನೆಯಲ್ಲಿ ಜೀವಂತವಾಗಿರುವ ಇಂಥ ನೆಲ ಬೇರೆಲ್ಲಿದೆ? ಆರಂಭದ ಸ್ವರಶ್ರೇಣಿ ಮಗುವಿನ ಕಿವಿಯನ್ನು ಹೇಗೆ ತಿದ್ದುತ್ತದೆ ಎಂದು ತಿಳಿಯಬಯಸುವ ಸಂಶೋಧಕನಿಗೆ ಕರ್ನಾಟಕದಷ್ಟು ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಎರಡೂ ಕಡೆಯ ಐವತ್ತು ಐವತ್ತು ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ, ಮೂರು ತಿಂಗಳಿಗೊಮ್ಮೆ ಧ್ವನಿಮುದ್ರಿಸಿ ಹೋಲಿಸುವುದು ದೊಡ್ಡ ಹಣದ ಕೆಲಸವೂ ಅಲ್ಲ, ತಾಳ್ಮೆ ಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮ ಇನ್ನೊಂದು ಅಕ್ಷಯ ಪಾತ್ರೆ. ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು, ಕರ್ನಾಟಕ–ಹಿಂದೂಸ್ತಾನಿ ಎರಡನ್ನೂ ಕಲಿತವರು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ದಶಕಗಳ ಕಾಲ ಅಂಧ, ಅನಾಥ ಮಕ್ಕಳಿಗೆ ಊಟ, ವಸತಿಯ ಜೊತೆ ಸಂಗೀತ ಕೊಟ್ಟರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂಥವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಹಲಗೆ, ಪುಸ್ತಕ, ಸ್ವರಲಿಪಿ ಯಾವುದನ್ನೂ ಕಾಣದ ಮಗುವಿಗೆ ತಬಲಾದ ಮೇಲೆ ಬೆರಳು ಇಡುವ ಜಾಗವನ್ನು ತೋರಿಸುವುದು ಹೇಗೆ? ಕೈ ಹಿಡಿದೋ, ಸದ್ದು ಕೇಳಿಸಿಯೋ, ಮಾತಿನಲ್ಲಿ ವರ್ಣಿಸಿಯೋ? ಬಂದಿಶ್‌ನ ಮಾತು, ತಾನಿನ ಸಾಲು, ತಾಳದ ಲೆಕ್ಕ ಇವೆಲ್ಲವನ್ನೂ ನೆನಪಿನಲ್ಲೇ ಜೋಡಿಸಿಡುವ ಉಪಾಯಗಳು ಯಾವುವು? ಗುರುಗಳ ಜೀವನಚರಿತ್ರೆ ಬರೆದಷ್ಟೇ ಭಕ್ತಿಯಿಂದ ಅವರ ಪಾಠಕ್ರಮವನ್ನೂ ಬರೆದಿಡಬೇಕು. ಅವರ ಬಳಿ ನೇರವಾಗಿ ಕಲಿತವರು ಇನ್ನೂ ನಮ್ಮ ನಡುವೆ ಇರುವಾಗಲೇ ಬರೆದಿಡಬೇಕು.

ಹೀಗೆ ಸಂಶೋಧನೆ ಮಾಡುವುದು ಹೇಗೆಂಬುದಕ್ಕೆ ಮಾದರಿಗಳು ಸಾಕಷ್ಟಿವೆ. ಕ್ಯಾಲಿಫೋರ್ನಿಯಾದ ಮ್ಯಾಂಟಲ್ ಹುಡ್, ಬೇರೆ ಸಂಸ್ಕೃತಿಯ ಸಂಗೀತವನ್ನು ಅಭ್ಯಾಸ ಮಾಡುವವನು ಅದನ್ನು ನುಡಿಸಲು ಕಲಿತಿರಲೇಬೇಕೆಂದು 1960ರಲ್ಲಿ ವಾದಿಸಿದರು. ಅವರ ಶಿಷ್ಯ ರಾಬರ್ಟ್ ಬ್ರೌನ್ ಮದರಾಸಿಗೆ ಬಂದು ಮೃದಂಗ ಕಲಿತು, 1965ರಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದರು. ಮ್ಯಾಥ್ಯೂ ರಹೈಮ್ ಹಿಂದೂಸ್ತಾನಿ ಗಾಯನ ಕಲಿಯುತ್ತ, ಹಾಡುವಾಗ ಕೈ ಏಕೆ ಹಾಗೆ ಆಡುತ್ತದೆಂದು ಹುಡುಕಿದರು. 2012ರಲ್ಲಿ ಬಂದ ಅವರ ಪುಸ್ತಕ, ಶಿಷ್ಯ ತನಗೆ ಅರಿವಿಲ್ಲದೆಯೇ ಗುರುವಿನ ಸ್ವರದ ಜೊತೆ ಮೈಯ ಚಲನೆಯನ್ನೂ ಪಡೆಯುತ್ತಾನೆಂದು ತೋರಿಸುತ್ತದೆ. ಗುರು ‘ಕೈ ಆಡಿಸು’ ಎಂದು ಹೇಳಿಕೊಟ್ಟಿರುವುದಿಲ್ಲ. ಇವರೆಲ್ಲ ಕ್ಯಾಮೆರಾ ಹಿಡಿದು ಹೊರಗೆ ನಿಂತವರಲ್ಲ. ಚಾಪೆಯ ಮೇಲೆ ಕೂತು ಪಾಠ ಹೇಳಿಸಿಕೊಂಡವರು.

ಇಲ್ಲಿಯ ಸಂಶೋಧಕರಿಗೆ ಆ ಚಾಪೆ ಹುಟ್ಟಿನಿಂದಲೇ ಇದೆ. ಅವರ ಕಷ್ಟ ಬೇರೆ. ತಮ್ಮ ಗುರುವಿನ ಪಾಠವನ್ನೇ ತೂಗಿ ನೋಡಬೇಕಾದಾಗ ಕೈ ನಡುಗುತ್ತದೆ. ‘ಗುರುಗಳು ಈ ಪಾಠವನ್ನು ಎಂಟು ಮಕ್ಕಳಿಗೆ ಹೇಳಿದರು, ಮೂವರಿಗೆ ಹತ್ತಲಿಲ್ಲ’ ಎಂದು ಬರೆಯುವುದು ಗುರುನಿಂದೆಯೆಂಬ ಭಾವನೆ ಬಲವಾಗಿದೆ. ಹತ್ತದಿದ್ದ ಮೂವರ ಕಥೆಯಲ್ಲೇ ಹೆಚ್ಚು ತಿಳಿವಳಿಕೆ ಇರುತ್ತದೆ. ಬೇರೆ ಗುರುಗಳ ತರಗತಿಯನ್ನು ಪರಸ್ಪರ ನೋಡುವುದು, ಒಪ್ಪಿಗೆ ಪಡೆದು ಪಾಠಗಳನ್ನು ಚಿತ್ರೀಕರಿಸುವುದು, ಆಮೇಲೆ ಗುರುವಿನ ಜೊತೆಗೇ ಕೂತು ಆ ಚಿತ್ರವನ್ನು ನೋಡುತ್ತ ‘ಇಲ್ಲಿ ಯಾಕೆ ನಿಲ್ಲಿಸಿದಿರಿ?’ ಎಂದು ಕೇಳುವುದು, ಇಂಥ ಉಪಾಯಗಳಿಂದ ಈ ಮುಜುಗರವನ್ನು ದಾಟಬಹುದು. ಗುರುವೂ ಆಗ ಸಂಶೋಧನೆಯ ಪಾಲುದಾರ.

ಕನ್ನಡದ ಪ್ರಶ್ನೆಯೂ ಇದೆ. ತಾಲೀಮಿನ ಕೋಣೆಯ ಮಾತು ಕನ್ನಡದ್ದು. ‘ಸ್ವರ ಕೂರಿಸು’, ‘ಅಲ್ಲಿ ಸ್ವಲ್ಪ ಜಾರು’, ‘ಒತ್ತಬೇಡ, ತೇಲಿಸು’ ಎನ್ನುವ ಗುರುವಿನ ಒಂದೊಂದು ಕ್ರಿಯಾಪದವೂ ಗಂಟಲಿನ ಒಂದೊಂದು ಕೆಲಸಕ್ಕೆ ಅಂಟಿಕೊಂಡಿದೆ. ಇವನ್ನು ಸಂಗ್ರಹಿಸಿ, ಯಾವ ಮಾತಿಗೆ ಮಗುವಿನ ಧ್ವನಿ ಹೇಗೆ ಬದಲಾಗುತ್ತದೆಂದು ಧ್ವನಿಮುದ್ರಣದಿಂದ ತೋರಿಸುವ ಕೆಲಸವನ್ನು ಕನ್ನಡದಲ್ಲೇ ಮಾಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ಇದೆ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ವಿಶ್ವವಿದ್ಯಾಲಯವೇ ಇದೆ, ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸ್ವತಃ ಗಂಗೂಬಾಯಿಯವರೇ ಗೌರವ ಪ್ರಾಧ್ಯಾಪಕರಾಗಿದ್ದರು. ಹಳೆಯ ಪಾಠದ ಕೋಣೆಗಳ ದಾಖಲೆಯೂ ಇಲ್ಲದಿಲ್ಲ. ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’, ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ಗಳನ್ನು ಪಾಠಕ್ರಮದ ಸಾಕ್ಷ್ಯವಾಗಿ ಓದಿದರೆ ಎಷ್ಟೋ ವಿವರ ಸಿಗುತ್ತದೆ.

ನಿಯಮಗಳೂ ಈಗ ಅಡ್ಡಿಯಾಗಿಲ್ಲ. ಯುಜಿಸಿಯ 2018ರ ನಿಯಮಾವಳಿ, ಎನ್‌ಇಟಿ ಇಲ್ಲದ ಪರಂಪರಾಗತ ಕಲಾವಿದರೂ ಸಂಗೀತದ ಸಹಾಯಕ ಪ್ರಾಧ್ಯಾಪಕರಾಗಲು ದಾರಿ ಬಿಟ್ಟಿದೆ. ಹೆಸರಾಂತ ಗುರುಗಳ ಬಳಿ ಕಲಿತಿರಬೇಕು, ಆಕಾಶವಾಣಿ ಅಥವಾ ದೂರದರ್ಶನದ ಉನ್ನತ ಶ್ರೇಣಿಯ ಕಲಾವಿದರಾಗಿರಬೇಕು ಎಂಬ ಷರತ್ತುಗಳ ಜೊತೆಯಲ್ಲೇ, ವಿಷಯವನ್ನು ತರ್ಕಬದ್ಧವಾಗಿ ವಿವರಿಸುವ ಶಕ್ತಿ ಇರಬೇಕೆಂದೂ ಹೇಳಿದೆ. 2022ರ ಪಿಎಚ್.ಡಿ. ನಿಯಮಾವಳಿ ಎಂ.ಫಿಲ್. ಅನ್ನು ಕೈಬಿಟ್ಟಿತು, ಕನಿಷ್ಠ 3, ಗರಿಷ್ಠ 6 ವರ್ಷದ ಪಿಎಚ್.ಡಿ. ಅವಧಿಯಲ್ಲಿ ಯಾವುದೇ ವಿಷಯದ ಸಂಶೋಧಕರಾದರೂ ಬೋಧನೆಯ ತರಬೇತಿ ಪಡೆಯಬೇಕೆಂದಿತು. ವಾರಕ್ಕೆ 4ರಿಂದ 6 ಗಂಟೆ ಬೋಧನೆಯ ಅಥವಾ ಸಂಶೋಧನೆಯ ಸಹಾಯಕರಾಗಿ ದುಡಿಸಿಕೊಳ್ಳಲೂ ಅವಕಾಶ ಕೊಟ್ಟಿತು. ಸಂಗೀತ ವಿಭಾಗಗಳು ಆ ಗಂಟೆಗಳನ್ನು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಕಳೆಯಲು ವಿದ್ಯಾರ್ಥಿಗಳನ್ನು ಕಳಿಸಬಾರದೇಕೆ?

ಈ ಸಂಶೋಧನೆ ಇಲ್ಲದಿದ್ದರೆ ಏನು ನಷ್ಟ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಸಂಗೀತ ಕೇಳಿದರೆ ಮಕ್ಕಳ ಬುದ್ಧಿ ಚುರುಕಾಗುತ್ತದೆ ಎಂಬ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಅದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, 36 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ. 10 ನಿಮಿಷ ಮೊಜಾರ್ಟ್ ಕೇಳಿದವರು ಒಂದು ಬಗೆಯ ಆಕಾರ ಜೋಡಿಸುವ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು, ಅದೂ ಕಾಲು ಗಂಟೆಯೊಳಗೆ ಇಳಿದುಹೋಯಿತು. ಮಗುವಿನ ಸುದ್ದಿಯೇ ಅದರಲ್ಲಿರಲಿಲ್ಲ. ಟೊರಾಂಟೊದಲ್ಲಿ ಗ್ಲೆನ್ ಶೆಲೆನ್‌ಬರ್ಗ್ 144 ಮಕ್ಕಳನ್ನು ಒಂದು ವರ್ಷ ಕಾಲ ಕೀಬೋರ್ಡ್, ಗಾಯನ, ನಾಟಕ ಮತ್ತು ಯಾವ ಪಾಠವೂ ಇಲ್ಲದ ಗುಂಪುಗಳಾಗಿ ವಿಂಗಡಿಸಿ ನೋಡಿದ ಅಧ್ಯಯನ 2004ರಲ್ಲಿ ಬಂತು. ಬುದ್ಧ್ಯಂಕ ಸಂಗೀತದ ಗುಂಪುಗಳಲ್ಲಿ ಸರಾಸರಿ 7 ಅಂಶ, ಉಳಿದವರಲ್ಲಿ 4.3 ಅಂಶ ಏರಿತು. ಇತರರೊಡನೆ ಬೆರೆಯುವ ಗುಣದಲ್ಲಿ ಮುಂದೆ ಹೋದವರು ಮಾತ್ರ ನಾಟಕದ ಮಕ್ಕಳು. ಇಷ್ಟು ಸಣ್ಣ ಅಂತರಕ್ಕಾಗಿ ಸಂಗೀತ ಕಲಿಸಬೇಕಾಗಿಲ್ಲ. ಹಾಡಲು ಬರುವುದೇ ಹಾಡು ಕಲಿಯಲು ಸಾಕಾದ ಕಾರಣ. ಇಲ್ಲಿಯ ಮಕ್ಕಳ ಮೇಲೆ, ಇಲ್ಲಿಯ ಸಂಗೀತದಲ್ಲಿ ನಡೆದ ಅಧ್ಯಯನಗಳು ಕೈಯಲ್ಲಿದ್ದರೆ ಪೋಷಕರಿಗೆ ಇದನ್ನು ಧೈರ್ಯವಾಗಿ ಹೇಳಬಹುದು.

ಹೊಸ ಪ್ರಶ್ನೆಗಳು ಕಾದಿವೆ. ಕ್ಯಾಲಿಫೋರ್ನಿಯಾದ ಕನ್ನಡದ ಮನೆಯ ಹುಡುಗಿ ಬೆಂಗಳೂರಿನ ಟೀಚರ್ ಬಳಿ ಪರದೆಯಲ್ಲಿ ಪಾಠ ಹೇಳಿಸಿಕೊಳ್ಳುತ್ತಾಳೆ. ಧ್ವನಿ ತಲುಪುವುದು ತಡ, ಆದ್ದರಿಂದ ಇಬ್ಬರೂ ಒಟ್ಟಿಗೆ ಹಾಡುವಂತಿಲ್ಲ, ಒಟ್ಟಿಗೆ ತಾಳ ಹಾಕುವಂತಿಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ತುಸು ತಡವಾಗಿ ಕೇಳುವಂತೆ ಮಾಡಿ ನೋಡಿದ್ದಾರೆ. ಸೆಕೆಂಡಿನ ಕೆಲವೇ ನೂರನೇ ಅಂಶಗಳಷ್ಟು ತಡವಾದರೂ ಲಯ ಜಗ್ಗತೊಡಗುತ್ತದೆ. ಹಾಗಾಗಿ ಪರದೆಯ ಪಾಠದಲ್ಲಿ ಟೀಚರ್ ಹಾಡುತ್ತಾರೆ, ಮಗು ಕಾಯುತ್ತದೆ, ಆಮೇಲೆ ಒಂಟಿಯಾಗಿ ಹಾಡುತ್ತದೆ. ಗುರುವಿನ ಧ್ವನಿಯ ನೆರಳಿನಲ್ಲಿ ಹಾಡಿ ಕಲಿಯುವ ಹಳೆಯ ದಾರಿ ಅಲ್ಲಿ ಮುಚ್ಚಿದೆ. ಒಂಟಿಯಾಗಿ ಹಾಡಬೇಕಾದ್ದರಿಂದ ಮಗುವಿಗೆ ಧೈರ್ಯ ಬೇಗ ಬರುತ್ತದೆ ಎನ್ನುವವರೂ ಇದ್ದಾರೆ, ಗಮಕ ನಿಲ್ಲುವುದಿಲ್ಲ ಎನ್ನುವವರೂ ಇದ್ದಾರೆ. ಯಾರ ಮಾತು ಎಷ್ಟು ನಿಜವೆಂದು ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಮತ್ತೆ ಕುಂದಗೋಳ. ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್. ಅವರು ಗುರುವಿನ ಮನೆಯಲ್ಲಿ ಉಳಿದು ಕಲಿತವರಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಮುಗಿಸಿ ಮತ್ತೆ ರೈಲು ಹಿಡಿದು ಮನೆಗೆ ಹೋಗುತ್ತಿದ್ದರು. ಒಬ್ಬರೇ ಗುರು, ಇಬ್ಬರು ಶಿಷ್ಯರು, ಎರಡು ಬಗೆಯ ದಿನಚರಿ, ಒಂದಕ್ಕೊಂದು ಹೋಲದ ಎರಡು ಮಹಾ ಧ್ವನಿಗಳು. ಕತ್ತಲಾದಮೇಲೆ ಗಂಗೂಬಾಯಿಯವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರಲು ಭೀಮಸೇನರು ಜೊತೆಗೆ ಹೋಗುತ್ತಿದ್ದರು, ದಾರಿಯುದ್ದಕ್ಕೂ ‘ಅಕ್ಕಾ, ಇವತ್ತು ಗುರುಗಳು ಏನು ಹೇಳಿಕೊಟ್ಟರು’ ಎಂದು ಕೇಳುತ್ತಿದ್ದರು ಎಂದು ಆ ಸೀಮೆಯಲ್ಲಿ ಹೇಳುವುದುಂಟು. ಗುರುವಿಲ್ಲದ ಆ ಅರ್ಧ ಗಂಟೆಯ ಪಾಠದಲ್ಲಿ, ರೈಲು ಬರುವುದರೊಳಗೆ, ಅಕ್ಕ ಹಾಡಿ ತೋರಿಸಿದ್ದೇನು, ತಮ್ಮ ಹಿಡಿದುಕೊಂಡದ್ದೇನು ಎಂದು ಈಗ ಯಾರಿಗೂ ತಿಳಿಯುವಂತಿಲ್ಲ. ಈ ಸಂಜೆ ಪಾಠ ಮುಗಿಸಿ ಬಸ್‌ಸ್ಟಾಪಿನ ಕಡೆಗೆ ನಡೆಯುತ್ತಿರುವ ಇಬ್ಬರು ಮಕ್ಕಳನ್ನು ಮಾತ್ರ ಈಗಲೂ ಕೇಳಬಹುದು.